ವನ್ಸ್ ಮೋರ್

ಹ್ಯಾಂಡ್‌ಬಿಲ್ಲಿನ ತುದಿಗೆ, ಸೀನರಿಯವರ ಹೆಸರಿನ ಮ್ಯಾಲ
ನನ್ನ ಹೆಸರು. ಊರು ಬಳ್ಳಾರಿ, ಕೌಲ್ ಬಜಾರು.
ಸುಗ್ಗಿ ಮುಗಿದ ಮ್ಯಾಲ ಹಳ್ಳಿ ಹಳ್ಳಿ ತಿರುಗಿ
ಸಾಯೋದು ನನ್ನ ಕಸುಬು.
ಒಂದು ಸಾವಿಗೆ ನಾಲ್ಕು ಸಾವಿರ, ಬಸ್ ಚಾರ್ಜು ಬ್ಯಾರೆ.
ಗಂಡಂದಿರು ಊರಿಗೊಬ್ಬರು:
ಸಿಂಧನೂರಿನಾಗ ಗೊಬ್ಬರದಂಗಡಿಯವ,
ಮಾನ್ವಿಯಾಗ ಪಂಚಾಯ್ತಿ ಮೆಂಬರು, ಕೈ ನಡುಗಿ
ಕುತ್ತಿಗಿ ಬಿಟ್ಟು ನನ್ನ ಚೌರಿ ಹಿಡಿದಿದ್ದ.

ಕತಿ ಒಂದೇ. ಸರದಾರ ದಂಡಿಗೆ ಹೋಗಿ ಗೆದ್ದು ಬರ್ತಾನ.
ಮದಿವ್ಯಾಗ ಕೊಟ್ಟ ಬೆಳ್ಳಿ ಸುಣ್ಣದ ಡಬ್ಬಿ
ಬ್ಯಾರೆಯವರ ಚಂಚಿಯಾಗ ಸಿಗತೈತಿ.
ಡಬ್ಬಿ ಮಾತಾಡತೈತಿ, ಗೆಳೆಯ ಮಾತಾಡ್ತಾನ,
ಗಾಳಿ ಸೈತ ಮಾತಾಡತೈತಿ. ಹೆಂಡತೀನ ಯಾರೂ ಕೇಳೂದಿಲ್ಲ.
ಮೂರು ಅಂಕ ಆಕಿ ಹಾಡ್ತಾಳ, ಹೂ ಕಟ್ತಾಳ, ಅಳತಾಳ.
ನಾಲ್ಕನೇದಕ್ಕ ದೀಪ ಸಣ್ಣ ಮಾಡಿ
ಅವ ಬರ್ತಾನ.
ಆಕಿಯ ಕಡೀ ಮಾತು: "ತಪ್ಪು ನನ್ನದೇ, ಪ್ರಾಣಕಾಂತಾ."
ಇಪ್ಪತ್ತೆರಡು ವರ್ಷ ಆತು ಆ ತಪ್ಪು ಹುಡುಕಾಕ ಹತ್ತಿ.
ಪುಸ್ತಕದಾಗ ಇಲ್ಲ.

"ಕೈ ಮುಗದು ಸಾಯಬೇಕವ್ವ," ಅಂತಾರ ಪೇಟಿ ಮಾಸ್ತರು,
"ಕಾಲು ಬಡದ್ರ ಜನ ನಗತಾರ."

ಈ ಸಲ ಕಾರಟಗಿ ಕಡೆ. ರೈಸ್ ಮಿಲ್ಲಿನ ಅಂಗಳ,
ಹೊಟ್ಟಿನ ಗುಡ್ಡದ ಮ್ಯಾಲೂ ಜನ.
ಸರದಾರನ ಪಾರ್ಟು ಹಮಾಲರ ಮೇಸ್ತ್ರಿ ಯಮನೂರಪ್ಪಗ,
ಮೂವತ್ತು ಸಾವಿರ ವಂತಿಗಿ ಕೊಟ್ಟು ಹಿಡಿದ ಪಾರ್ಟು.
ಮೂರು ತಿಂಗಳು ತಾಲೀಮು. ನನ್ನ ಕರಸಿದ್ದು ಕಡೀ ದಿನ,
ಹೆಣ್ಣು ಪಾತ್ರಕ್ಕ ತಾಲೀಮು ಬೇಕಾಗೂದಿಲ್ಲ ಅಂದ್ರು.
ಆದ್ರ ಅವನ ಬೆರಳು! ಹಿಡಿದ ಕೂಡಲೆ ಗೊತ್ತಾತು.
ಹೆಬ್ಬೆಟ್ಟು ಬಲಗಿವಿ ಕೆಳಗ ನೇರ ಬಂದು ಕುಂತಿತು,
ತಡಕಾಡಲಿಲ್ಲ, ಹುಕ್ಕು ಚೀಲದ ಹೊಲಿಗಿ ಹುಡುಕಿದಂಗ.
ಇಷ್ಟು ಚಂದ ನನ್ನ ಯಾರೂ ಕೊಂದಿದ್ದಿಲ್ಲ.

ಸೀಟಿ. ಚಪ್ಪಾಳಿ. "ವನ್ಸ್ ಮೋರ್!"
ಮೈಕಿನಾಗ ಆಹೇರಿ ಕೂಗಿದ್ರು, ಐನೂರರ ನೋಟು
ಸರದಾರನ ಎದಿಗೆ ಪಿನ್ನು ಚುಚ್ಚಿದ್ರು.
ಸತ್ತಾಕಿ ಎದ್ದೆ, ಸೆರಗು ಕೊಡವಿದೆ, ಮತ್ತ ಮಲಗಿದೆ.
ಅದೇ ಜಾಗ. ಅದೇ ಹೆಬ್ಬೆಟ್ಟು.
ತಪ್ಪು ನನ್ನದೇ.

ಬಣ್ಣದ ಕೋಣಿ ಅಂದ್ರ ನಾಲ್ಕು ಗೋಣಿಚೀಲದ ಮರೆ.
ಕೊಬ್ಬರಿ ಎಣ್ಣಿ ಹಚ್ಚಿ ಮುಖ ಒರಸಾಕ ಹತ್ತಿದ್ದೆ,
ಒಬ್ಬಾಕಿ ಬಂದು ನಿಂತಳು. ಹುಲಿಗೆಮ್ಮ. ಮೇಸ್ತ್ರಿ ಮನಿಯಾಕಿ.
ಬೈಸಿಕೊಳ್ಳಾಕ ತಯಾರಾಗಿ ಕುಂತೆ,
ಇಂಥ ಹೆಂಡರನ್ನ ಭಾಳ ನೋಡೀನಿ,
ನನ್ನ ಗಂಡನ ಮೈ ಮುಟ್ಟಿದಿ ಅಂತ ಬರ್ತಾರ.
ಆಕಿ ಕೈಯಾಗ ಮೊರ. ಅಕ್ಕಿ, ಎಲಿ, ಒಂದು ಕುಬಸದ ಕಣ.
ಉಡಿ ತುಂಬಿದಳು. ನನ್ನ ಕುತ್ತಿಗಿ ನೋಡಿದಳು.
ಮಾತಾಡದನ ಸೆರಗು ಸರಿಸಿ ತನ್ನದು ತೋರಿಸಿದಳು.
ಕಿವಿ ಕೆಳಗ, ಅದೇ ಜಾಗ. ಹಳೇದು ಹಳದಿ, ಹೊಸದು ನೇರಳೆ.
"ದಿನಾ ರಾತ್ರಿ ಮನಿಯಾಗ ತಾಲೀಮು ಮಾಡ್ಯಾರ್ರೀ,
ನಿಮ್ಮ ಮಾತೆಲ್ಲ ನನಗ ಬಾಯಿಪಾಠ."
ಆಮ್ಯಾಲ ನೆಲ ನೋಡಿಕೋತ, ಭಾಳ ಸಣ್ಣ ದನಿಯಾಗ:
"ಜನ ಕೂಗಿದಾಗ ಎದ್ರೆಲ್ಲ ನೀವು,
ಅದೊಂದು ಬರೂದಿಲ್ಲ ನನಗ. ಹೆಂಗ ಎದ್ರಿ?"

ಹೊರಗ ಟ್ರ್ಯಾಕ್ಸಿನ ಹಾರ್ನು. ಏನಾರ ಹೇಳಬಹುದಿತ್ತು.
ಕೂದಲ ಪಿನ್ನು ಹುಡುಕಿದೆ. ಚೌರಿ ಸುತ್ತಿ ಚೀಲಕ್ಕ ಹಾಕಿದೆ.
ನಸುಕಿನ ಬಸ್ಸು ಕಂಪ್ಲಿ ಸೇತುವಿ ದಾಟುವಾಗ
ತೊಡಿ ಮ್ಯಾಲ ಅಕ್ಕಿಯ ಗಂಟು,
ಕೂಸಿನಷ್ಟು ಭಾರ.

ಎಂಟು ದಿನ ಬಿಟ್ಟು ಸಿರುಗುಪ್ಪದಾಗ ಮತ್ತ ಅದೇ ನಾಟಕ.
ಗಂಡ ಟ್ರ್ಯಾಕ್ಟರ್ ಶೋರೂಮಿನವ, ಬೆರಳು ಹತ್ತಿಯಂಥಾವು.
ಸತ್ತೆ. ವನ್ಸ್ ಮೋರ್ ಅಂದ್ರು.
ಎದ್ದೆ.
ಮಾಸ್ತರು ಪೇಟಿ ಹಿಡಿದು ಕಾದ್ರು. ಪರದೆ ಸಂದಿಯಿಂದ
ಪ್ರಾಂಪ್ಟರ್ ಎರಡು ಸಲ ಹೇಳಿಕೊಟ್ಟ ನನ್ನ ಮಾತು.
ನಾನು ಮಲಗಲಿಲ್ಲ.
ಜನದಾಗ ಯಾರೋ ನಕ್ಕರು, ಯಾರೋ ಕೆಮ್ಮಿದರು.
ಸರದಾರ ಕೈ ಚಾಚಿ ನಿಂತೇ ಇದ್ದ,
ಬಾಕಿ ಕೇಳಾಕ ಬಂದವನಂಗ.

ಪಗಾರದಾಗ ಸಾವಿರ ಮುರಕೊಂಡ್ರು.
ಹುಲಿಗೆಮ್ಮನ ಅಕ್ಕಿ ಹಂಗೇ ಐತಿ, ಮನಿಯಾಗ, ಡಬ್ಬಿಯಾಗ.
ಅನ್ನಕ್ಕಿಡಾಕ ಕೈ ಬರವಲ್ದು.