ಅರ್ಹತೆ, ಇದ್ದಲ್ಲಿ

ಝೀಹನ್ ದಾಟಿದ ಮೇಲೆ ಟಾರು ಮುಗಿಯುತ್ತದೆ,
ಫೋನಿನ ಸಿಗ್ನಲ್ಲು ಅದಕ್ಕೂ ಮೊದಲೇ.
ಹದಿನೇಳು ಕಿಲೋಮೀಟರು ಜಲ್ಲಿ,
ಆಮೇಲೆ ನೀಲಿ ಹಳದಿ ಬಳಿದ ಜೇನುಪೆಟ್ಟಿಗೆಗಳು,
ಅವುಗಳ ಬೆನ್ನಿಗೊಂದು ತಗಡಿನ ಮನೆ.
ಅಲ್ಲಿ ಇಬ್ಬರು ಮಕ್ಕಳು ಶಾಲೆಗೆ ಹೋಗುವುದಿಲ್ಲ.
ತಪ್ಪೇನಲ್ಲ. ನೋಡಿ, ಬರೆದುಕೊಂಡು ಬರುವುದು
ನಿವೃತ್ತಿಯ ನಂತರದ ನನ್ನ ಕೆಲಸ.

ಚೀಲದಲ್ಲಿ ಆರು ಪುಟದ ಫಾರಂ.
ನಾಲ್ಕನೆಯ ಪುಟದಲ್ಲೊಂದು ಚೌಕ:
‘ಕಲಿಸುವವರ ಅರ್ಹತೆ, ಇದ್ದಲ್ಲಿ.’
ಇದ್ದಲ್ಲಿ.
ಆ ಒಂದು ಪದ ಸೇರಿಸಲು
ಹೋಬಾರ್ಟಿನಲ್ಲಿ ಎಷ್ಟು ಸಭೆ ನಡೆದವೋ,
ಎಷ್ಟು ಬಿಸ್ಕತ್ತು ಖರ್ಚಾದವೋ.

ಬಾಗಿಲು ತೆರೆದವಳು ಟ್ಯಾಮ್ಸಿನ್ ಪೆಂಗೆಲಿ.
ಕೂದಲಲ್ಲಿ ಹೊಗೆಯ ವಾಸನೆ.
‘ಬನ್ನಿ ಮಿಸ್, ಕೂತ್ಕೊಳ್ಳಿ’ ಅಂದಳು.
ಆ ‘ಮಿಸ್’ ನನಗೆ ಯಾಕೋ ಚುಚ್ಚಿತು.

ಮೇಜಿನ ಮೇಲೆ ಅರ್ಧ ಕೊಯ್ದ ಬ್ರೆಡ್ಡು,
ಭೂತಗನ್ನಡಿಯ ಕೆಳಗೆ ಸತ್ತ ಒಂದು ಗಂಡುನೊಣ.
ಹತ್ತು ವರ್ಷದ ವೆನ್ನಾ ತನ್ನ ನೋಟ್‌ಬುಕ್ಕು ಓದಿದಳು:
ಯಾವ ಪೆಟ್ಟಿಗೆ ಎಷ್ಟು ತೂಗಿತು, ಯಾವ ರಾಣಿಗೆ ವಯಸ್ಸಾಯಿತು,
ಲೆದರ್‌ವುಡ್ ಹೂ ಈ ಸಲ ಎಷ್ಟು ದಿನ ತಡ.
ಕಾಗುಣಿತ ಅಲ್ಲಲ್ಲಿ ಕುಂಟಿತು; ಕಣ್ಣು ಕುಂಟಲಿಲ್ಲ.
ತುಟಿ ಊದಿಸಿಕೊಂಡು ಕೂತಿದ್ದ ಕಿರಿಯವನು ಜೋರಿ
‘ಹೊಗೆ ಹಾಕಿದ್ರೆ ನೊಣ ಯಾಕಮ್ಮ ಸುಮ್ಮನಾಗ್ತವೆ?’ ಅಂದ.
‘ಸರಿಯಾಗಿ ನಂಗೂ ಗೊತ್ತಿಲ್ಲ ಕಣೋ.
ಆ ಹಸಿರು ಪುಸ್ತಕ ತೆಗಿ, ನೋಡೋಣ.’

ಇಪ್ಪತ್ತಾರು ವರ್ಷ ಪಾಠ ಹೇಳಿದೆ ನಾನು.
ಆ ಮಾತು ಒಮ್ಮೆಯೂ ಬಾಯಿಂದ ಬರಲಿಲ್ಲ.
‘ಅದು ಮುಂದಿನ ವರ್ಷದ್ದು’ ಎನ್ನುತ್ತಿದ್ದೆ.

ಆಮೇಲೆ ಲೆಕ್ಕ.
ಅರ್ಧಕ್ಕೆ ಮೂರನೇ ಒಂದು ಕೂಡಿಸಿದಳು ವೆನ್ನಾ,
ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು:
ಐದರಲ್ಲಿ ಎರಡು.
ತಾಯಿ ತಲೆಯಾಡಿಸಿ ಸರಿ ಗುರುತು ಹಾಕಿದಳು.
ನನ್ನ ಪೆನ್ನು ನಿಂತಿತು.
‘ಅಲ್ಲ’ ಎಂದೆ, ಮೆಲ್ಲಗೇ.

ಟ್ಯಾಮ್ಸಿನ್ ಕಿವಿಯವರೆಗೂ ಕೆಂಪಾದಳು.
‘ಭಿನ್ನರಾಶಿ ನಂಗೆ ಯಾವತ್ತೂ ಹತ್ತಲಿಲ್ಲ ಮಿಸ್.
ನೀವು ಹೇಳಿಕೊಟ್ಟಾಗ್ಲೂ.’

ಕ್ವೀನ್ಸ್‌ಟೌನ್. ಆರನೇ ತರಗತಿ. ಕಿಟಕಿಯ ಸಾಲು.
ಕಪ್ಪುಹಲಗೆಯ ಮೇಲೆ ದುಂಡಗೆ ಒಂದು ಕಡುಬು ಬರೆದು
ಸೀಮೆಸುಣ್ಣದಲ್ಲಿ ಹೋಳು ಮಾಡಿದ್ದೆ.
ಮೂವತ್ತೊಂದು ಮಕ್ಕಳು, ನಲವತ್ತು ನಿಮಿಷ, ಗಂಟೆ.
ವರದಿಯಲ್ಲಿ ಬರೆದಿದ್ದೆ: ‘ಗಮನ ಸಾಲದು.’
ಯಾರ ಗಮನ ಅಂತ ಬರೆದಿರಲಿಲ್ಲ.
ಹಾಗಾದರೆ ಈ ತಪ್ಪು ಉತ್ತರ
ಚೌಕಟ್ಟು ಹಾಕಿಸಿದ ನನ್ನ ಪ್ರಮಾಣಪತ್ರದಿಂದಲೇ
ಇಳಿದು ಬಂದ ಆಸ್ತಿ.

ಹಾಗಂತ ನನ್ನ ಬಾಯಲ್ಲಿ ತೀರ್ಪು ಕೇಳಬೇಡಿ.
ಹೋದ ಗುರುವಾರ ಇನ್ನೊಂದು ಮನೆ.
ಒಂಬತ್ತರ ಹುಡುಗ ಪೆನ್ಸಿಲನ್ನು ಚಮಚದಂತೆ ಹಿಡಿದ,
ತನ್ನ ಹೆಸರಿನ ಎರಡನೇ ಅಕ್ಷರಕ್ಕೆ ಬೆವರಿದ.
‘ಅವನಿಗೆ ಬೇಕಾದಾಗ ಕಲೀತಾನೆ’ ಎಂದಳು ಆ ತಾಯಿ.
ಅಲ್ಲೂ ಪ್ರೀತಿಗೆ ಬರವಿರಲಿಲ್ಲ.
ಅವತ್ತು ಈ ಚೌಕಕ್ಕೊಂದು ಬೀಗ ಬೇಕೆನಿಸಿತ್ತು.

ಕೋಟು ಬಿಚ್ಚಿ ಕುರ್ಚಿಗೆ ಹಾಕಿದೆ.
ಅಳತೆಯ ಲೋಟ ತರಿಸಿದೆ, ನೀರು.
ಮಕ್ಕಳ ನಡುವೆ ತಾಯಿಯೂ ಕುರ್ಚಿ ಎಳೆದುಕೊಂಡಳು.
ಒಂದು ಸಲ. ಇನ್ನೊಂದು ಸಲ. ಜೋರಿ ನೀರು ಚೆಲ್ಲಿದ.
ಮೂರನೇ ಸಲ ಸುರಿಯುತ್ತ ಸುರಿಯುತ್ತ ಟ್ಯಾಮ್ಸಿನ್ ತಡೆದಳು:
‘ತಾಳಿ. ಅರ್ಧಕ್ಕೆ ಇನ್ನಷ್ಟು ಹಾಕಿದ್ರೆ
ಅರ್ಧಕ್ಕಿಂತ ಕಮ್ಮಿ ಆಗೋದು ಹೇಗೆ?’
ಮೂವತ್ತೈದು ವರ್ಷ ತಡವಾಗಿ
ಕಿಟಕಿಯ ಸಾಲಿನಿಂದ ಎದ್ದ ಕೈ.

ಜೇನು ಕೊಡಲು ಬಂದಳು. ನಿಯಮವಿಲ್ಲ, ಬೇಡವೆಂದೆ.

ಜಲ್ಲಿಯ ಮೇಲೆ ಕಾರು ನಿಲ್ಲಿಸಿ
ಚೌಕದಲ್ಲಿ ‘ಗೊತ್ತಿಲ್ಲ ಎನ್ನಬಲ್ಲಳು’ ಎಂದು ಬರೆದೆ,
ಹೊಡೆದುಹಾಕಿದೆ; ಕಚೇರಿಯ ಯಂತ್ರ ಅದನ್ನು ನುಂಗದು.
‘ಇಲ್ಲ’ ಎಂದಷ್ಟೇ ಉಳಿಸಿದೆ.
ಮುಂದಿನ ಭೇಟಿ ಒಂದು ವರ್ಷಕ್ಕೆ ಎನ್ನುತ್ತದೆ ಫಾರಂ.
ನಾನು ಬರೆದದ್ದು: ಬರುವ ಮಂಗಳವಾರ.
ಕಾರಣ: ದಶಮಾಂಶ ಬಾಕಿ ಇದೆ.