ಬಗ್ಗಿದ ಪದ

ದುರ್ಗಿಗುಡಿಯ ಹೊಲಿಗೆ ಅಂಗಡಿಯ ಮೇಲೆ
ಒಂದೇ ಕೋಣೆ. ಹತ್ತೊಂಬತ್ತು ಜನ,
ಮೆಟ್ಟಿಲ ಮೇಲೆ ಮೂವತ್ತೇಳು ಚಪ್ಪಲಿ.
ಒಂದು ಯಾರದೋ ಕಾಲಲ್ಲೇ ಉಳಿದಿರಬೇಕು.

ಮುಬೀನ ಗುಂಡಿಯೊಂದನ್ನು ಒತ್ತಿ ಸುಮ್ಮನೆ ಕೂತ.
ಬಂದದ್ದು ಒಂದೇ ಸ್ವರ. ಮಾವನ ಸೋಡಾ ಅಂಗಡಿಯ
ಹಳೇ ಫ್ರಿಜ್ಜಿನ ಗುಂಯ್ಗುಡುವಿಕೆಯಂತೆ,
ಎಂಟು ಪಟ್ಟು ನಿಧಾನ ಮಾಡಿದ್ದಂತೆ.
ಐದು ನಿಮಿಷವಾದರೂ ಅದು ಎಲ್ಲಿಗೂ ಹೋಗಲಿಲ್ಲ.

"ಎಂತ ತಮಾ, ಇನ್ನೂ ಶುರುವಾಗ್ಲಿಲ್ವ?"
ಅಂದಳು ಹೊಸನಗರದ ಕಡೆಯ ಕನ್ನಮ್ಮ.
"ಆಗಿ ಆಯ್ತಲ್ಲ ಅಮ್ಮ. ಇದೇ."
ಅವಳು ಆ ಪೆಟ್ಟಿಗೆಯನ್ನೇ ನೋಡಿದಳು,
ಹಾಲು ಕೊಡದ ಎಮ್ಮೆಯನ್ನು ನೋಡುವ ಹಾಗೆ.

ಕುರ್ಚಿಯಲ್ಲಿ ಕೂತು ಬಾಯಿ ತೆರೆದರೆ ಪದ ಬರಲಿಲ್ಲ.
ಎದ್ದು ನಿಂತರೂ ಇಲ್ಲ.
ನಾಟಿ ಪದ ಅದು; ಬೆನ್ನು ಬಗ್ಗದೆ ಬಾಯಿಗೆ ಬಾರದು.
ಸೆರಗು ಸಿಕ್ಕಿಸಿ ಸೊಂಟದಿಂದ ಬಗ್ಗಿದಳು,
ಬೆರಳು ಚಾಪೆ ಮುಟ್ಟುವಷ್ಟು.
ಮುಬೀನ ಓಡಿಬಂದು ಮೈಕನ್ನು ನೆಲಕ್ಕೆ ಇಳಿಸಿದ.

ಒಂದು ಸಾಲು ಹಾಡಿ ಒಂದು ಹೆಜ್ಜೆ ಹಿಂದೆ.
ಇನ್ನೊಂದು ಸಾಲು, ಇನ್ನೊಂದು ಹೆಜ್ಜೆ ಹಿಂದೆ.
ಕೊಕ್ಕರೆ, ಕೆಸರು, ಕೊಡದ ಕೂಲಿ,
ಸಸಿಕಟ್ಟಿನೊಳಗೆ ಕಳೆದುಹೋದ ಕಿವಿಯೋಲೆ.
ನಾವು ಕಾಲು ಮಡಚಿ ಮಡಚಿ ಜಾಗ ಕೊಟ್ಟೆವು.
ಮೂರನೇ ಸೊಲ್ಲು ಮರೆತಾಗ
ಆ ಸ್ವರ ಕಾದಿತ್ತು, ಅವಸರಿಸದೆ,
ಮುಂದಿನ ಕಟ್ಟು ಹಿಡಿದು ಬದುವಿನ ಮೇಲೆ ನಿಂತವರಂತೆ.

ಬೆನ್ನು ಗೋಡೆಗೆ ತಾಗಿತು. ಗದ್ದೆ ಮುಗಿಯಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ,
ಕೈಯೆಲ್ಲ ಕೆಸರಾದವರ ಹಾಗೆ ಕೂತೇ ಇದ್ದೆವು.

ರಾತ್ರಿ ಹಾಲಿಗೆ ಹೆಪ್ಪು ಹಾಕಲು
ಮೊಸರು ಹುಡುಕುತ್ತ ಫ್ರಿಜ್ಜಿನ ಕೆಳಗಿನ ಅಂತಸ್ತಿಗೆ ಬಗ್ಗಿದೆ.
ಗುಂಯ್ ಅನ್ನುತ್ತಿತ್ತು ಅದು.
ಬಗ್ಗಿದವಳು ಹಾಗೇ ಇದ್ದೆ.
"ಬಾಗಿಲು ಹಾಕೇ, ಕರೆಂಟು" ಎಂದರು ಒಳಗಿಂದ.