ಚೆಕ್ಕುಬಂದಿ

ವಿರಾಜಪೇಟೆಯ ನೋಂದಣಿ ಕಚೇರಿ ಎದುರು
ನನ್ನದು ಆರಡಿ ಅಗಲದ ಅಂಗಡಿ,
ಒಂದು ಮೇಜು, ಎರಡು ಸ್ಟೂಲು, ಪತ್ರ ಬರಹಗಾರನ ಲೈಸೆನ್ಸು.
ಇಪ್ಪತ್ತಾರು ವರ್ಷದಿಂದ ಬರೆಯುತ್ತಿರುವುದು ಒಂದೇ ವಾಕ್ಯ:
ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಕೈಮಡ,
ಉತ್ತರಕ್ಕೆ ಪೈಸಾರಿ, ದಕ್ಷಿಣಕ್ಕೆ ಇವರದೇ ಅಣ್ಣನ ಬೇಲಿ.

ನವೆಂಬರಿನ ಒಂದು ರಾತ್ರಿ, ನಾನು ಶಟರ್ ಎಳೆದ ಮೇಲೆ,
ಕಂಪ್ಯೂಟರ್ ತಾನಾಗಿ ಏನನ್ನೋ ಇಳಿಸಿಕೊಂಡಿದೆ.
ಬೆಳಿಗ್ಗೆ ನೋಡಿದರೆ ಮೂಲೆಯಲ್ಲೊಂದು ಬಣ್ಣದ ಗುಂಡಿ,
ಹೊಸ ಅಳಿಯನ ಹಾಗೆ ನಗುತ್ತ,
"ಬರೆಯಲು ನೆರವಾಗಲೇ?"

"ಈಗ ಬೇಡ" ಎಂದು ಒತ್ತಲು ಜಾಗವಿತ್ತು.
"ಬೇಡ" ಎನ್ನಲು ಇರಲಿಲ್ಲ.

ಬಾಣೆ ಅಂತ ಹೊಡೆದರೆ ಬಾಣಲೆ ಮಾಡಿತು.
ಕೈಮಡ ಕೈಮಗ್ಗವಾಯಿತು,
ಕಾರಣವರೆಲ್ಲ ಒಳಗೆ ನೂಲು ನೇಯುತ್ತ ಕೂತ ಹಾಗೆ.
ಜಮ್ಮ ಅಂದರೆ ಜನ್ಮ ಅಂತು.
ಮೂಲ ಅದೇ ಇರಬಹುದಪ್ಪ, ವಾದ ಮಾಡಲ್ಲ,
ಜನ್ಮಕ್ಕೆ ಸರ್ವೆ ನಂಬರ್ ಎಲ್ಲಿಂದ ತರಲಿ?

ಚೆಕ್ಕುಬಂದಿಯ ನಾಲ್ಕು ಸಾಲು ನೋಡಿ
"ಉದ್ದವಾಯಿತು, ಚಿಕ್ಕದು ಮಾಡಲೇ?"
ಚಿಕ್ಕದು ಮಾಡಿದ ಒಂದು ಸಾಲಿಗೆ
ಅಮ್ಮತ್ತಿಯ ಅಣ್ಣತಮ್ಮಂದಿರು ಇಪ್ಪತ್ತಮೂರು ವರ್ಷ
ಕೋರ್ಟಿಗೆ ನಡೆದಿದ್ದಾರೆ, ಬೇರೆ ಬೇರೆ ಬಸ್ಸಿನಲ್ಲಿ.
ಆ ಸಾಲನ್ನು ಚಿಕ್ಕದು ಮಾಡಿದವನು ನಾನೇ.
ಲೈಸೆನ್ಸ್ ಹೊಸದು, ಊಟದ ಹೊತ್ತು ಮೀರಿತ್ತು.
ಯಂತ್ರಕ್ಕೆ ಯಾವ ಹಸಿವೋ.

ಇಷ್ಟನ್ನೂ ಸಹಿಸುತ್ತಿದ್ದೆ. ಆದರೆ ದೇಚವ್ವ ಬಂದರು,
ಕಾಫಿ ಹಣ್ಣಿನ ಅಂಟು ಇನ್ನೂ ಉಗುರಲ್ಲಿ.
ಸ್ಟೂಲು ಹತ್ತಿರ ಎಳೆದು, ಉಯಿಲು ಬರೆಸಬೇಕು ಅಂದರು.
ಗದ್ದೆ ಪಕ್ಕದ ಎರಡೆಕರೆ ಯಾರಿಗೆ ಎಂಬುದನ್ನು
ಕಿವಿಯಲ್ಲಿ ಹೇಳಿದರು. (ನಿಮಗೂ ಹೇಳಲಾರೆ.)
ಹೆಸರು ಒತ್ತುವ ಮೊದಲೇ ಪರದೆ
ಬೂದುಬಣ್ಣದಲ್ಲಿ ಮಗನ ಹೆಸರು ತುಂಬಿತು,
ಹೋದ ವರ್ಷದ ಯಾವುದೋ ಕ್ರಯಪತ್ರದಿಂದ ನೆನಪಿಟ್ಟು.
ದೇಚವ್ವ ಕನ್ನಡಕ ಸರಿಮಾಡಿಕೊಂಡರು.
"ಇದಕ್ಕೆ ಯಾರು ಹೇಳಿದ್ದು?"
ಕಾಗದ ಮಡಚಿ ಚೀಲಕ್ಕೆ ಹಾಕಿ ಎದ್ದರು.

ಮೇಲ್ಮಹಡಿಯಲ್ಲಿ ಟ್ಯಾಲಿ ಕಲಿಸುವ ಅನ್ಸೀರಾ
ಕೀಗೊಂಚಲಿನಿಂದ ಪೆನ್‌ಡ್ರೈವ್ ಬಿಚ್ಚಿದಳು.
"ಲಿನಕ್ಸ್. ಕಾಸಿಲ್ಲ. ಕೇಳದೆ ಮಾತಾಡಲ್ಲ.
ಆದರೆ ಸಾರ್, ಮೊದಲ ವಾರ ನನ್ನನ್ನು ಬೈಬಾರದು."
ಬೈದೆ. ಪ್ರಿಂಟರ್ ಮೂರು ದಿನ ಮುನಿಸಿಕೊಂಡಿತು.
ಹಳೆಯ ಫಾಂಟಿನ ಕಡತಗಳಲ್ಲಿ ಒತ್ತಕ್ಷರ ಉದುರಿ
ಪತ್ರವೆಲ್ಲ ಹಲ್ಲು ಬಿದ್ದವರ ಮಾತು.
ಬೆರಳಚ್ಚಿನ ಪೆಟ್ಟಿಗೆಯಂತೂ ಇವತ್ತಿಗೂ ಒಪ್ಪಿಲ್ಲ;
ಅದೊಂದಕ್ಕೆ ಪಕ್ಕದ ಝೆರಾಕ್ಸ್ ಅಂಗಡಿಗೆ ಹೋಗಬೇಕು,
ಅಲ್ಲಿ ಮೂಲೆಯ ಅಳಿಯ ನನ್ನ ಗುರುತು ಹಿಡಿದು ನಗುತ್ತಾನೆ.

ದೇಚವ್ವ ಮತ್ತೆ ಬರಲಿಲ್ಲ.
ಗೋಣಿಕೊಪ್ಪದಲ್ಲಿ ಕೈಯಲ್ಲೇ ಬರೆಯುವವರೊಬ್ಬರು ಇದ್ದಾರಂತೆ.
ಇರಲಿ.

ಇವತ್ತು ಬೆಳಿಗ್ಗೆ ಬೇರೆ ಯಾರದೋ ಪಾಲುಪತ್ರ.
"ಪೂರ್ವಕ್ಕೆ" ಅಂತ ಒತ್ತಿ ನಿಲ್ಲಿಸಿದೆ, ಬೇಕೆಂದೇ.
ಕರ್ಸರ್ ಮಿಣುಕಿತು. ಮಿಣುಕುತ್ತಲೇ ಇತ್ತು.
ಎದುರು ಕೂತವನು ಗಡ್ಡ ಕೆರೆದುಕೊಂಡ.
"ತೋಡು ಅಂತಲೇ ಬರೆಯಿರಿ…
ಅಲ್ಲ, ತಡೀರಿ. ಗುಡ್ಡ ಜಾರಿದ ವರ್ಷ
ತೋಡು ಆಚೆಗೆ ಹೋಯಿತಲ್ಲ."

ಹೋಗಿ ನೋಡಿಕೊಂಡು ಬನ್ನಿ, ಅಂದೆ.